ಗೊದಮೊಟ್ಟೆಯ ಕೊನೆಯ ವಾರ

ಮುಂಗಾರು ಬಲಿತ ಮೇಲೆ ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿಯಲ್ಲಿ ಅನಮೋಡವನ್ನು ದಾಟಿ ಘಟ್ಟವಿಳಿಯುವವರು ಹಳ್ಳದ ಬದಿಯಲ್ಲಿ ವಾಹನ ನಿಲ್ಲಿಸುವುದುಂಟು. ಅವರಲ್ಲಿ ವಿದ್ಯಾರ್ಥಿಗಳಿದ್ದರೆ, ಕುಡಿಯುವ ನೀರಿನ ಬಾಟಲಿಯೊಂದು ಬರಿದಾಗಿ, ಹತ್ತಿಪ್ಪತ್ತು ಗೊದಮೊಟ್ಟೆಗಳು ಅದರಲ್ಲಿ ಕುಳಿತು ಊರಿಗೆ ಪ್ರಯಾಣ ಮಾಡುವುದೂ ಉಂಟು. ಅವು ಕಪ್ಪೆಯಾಗುವುದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಮೆಚ್ಚತಕ್ಕದ್ದೇ. ಮೇಣದ ತಟ್ಟೆಯ ಮೇಲೆ ಕಪ್ಪೆಯನ್ನು ಸೀಳಿ ನೋಡಿದ ಹಿಂದಿನ ತಲೆಮಾರಿನ ಪಾಠಕ್ಕಿಂತ ಇದು ಎಷ್ಟೋ ಮೇಲು. ಆದರೆ ಹೀಗೆ ತಂದ ಗೊದಮೊಟ್ಟೆಗಳ ಪಾಡೇನು? ಬಾಟಲಿಯ ಪ್ರಯಾಣದಲ್ಲಿಯೇ ಕೆಲವು ಸಾಯುತ್ತವೆ. ಉಳಿದವು ಕೆಲವು ವಾರ ಬೆಳೆದು, ಕಾಲು ಮೂಡಿ, ಇನ್ನೇನು ಕಪ್ಪೆಯಾಯಿತು ಎನ್ನುವ ಹೊತ್ತಿಗೆ ಒಂದು ಬೆಳಗ್ಗೆ ಸತ್ತು ತೇಲುತ್ತಿರುತ್ತವೆ. ಸಾಕಿದವರು ‘ಏನೋ ರೋಗ’ವೆಂದು ಸುಮ್ಮನಾಗುತ್ತಾರೆ. ಎಷ್ಟೋ ಸಲ ಅದು ರೋಗವಲ್ಲ. ನೀರಿನಲ್ಲಿ ಹುಟ್ಟಿ ಬೆಳೆದ ಪ್ರಾಣಿ ನೀರಿನಲ್ಲಿಯೇ ಮುಳುಗಿ ಸತ್ತಿರುತ್ತದೆ.

ಇದು ಒಗಟಿನಂತೆ ತೋರಬಹುದು. ಆದರೆ ಮುಂಗಾಲು ಹೊರಬಂದ ಮೇಲಿನ ಸುಮಾರು ಒಂದು ವಾರದಲ್ಲಿ ಆ ಪುಟ್ಟ ದೇಹದೊಳಗೆ ನಡೆಯುವ ಕ್ರಾಂತಿಯನ್ನು ಅರಿತರೆ ಒಗಟು ತಾನಾಗಿ ಬಿಡುತ್ತದೆ. ಈ ಕ್ರಾಂತಿಯ ಸೂತ್ರಧಾರ ಥೈರಾಯಿಡ್ ಗ್ರಂಥಿ. 1912ರಲ್ಲಿ ಗುಡರ್ನಾಷ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯಿಡ್ ಗ್ರಂಥಿಯನ್ನೇ ಆಹಾರವಾಗಿ ಕೊಟ್ಟಾಗ ಅವು ಬೆಳೆಯುವ ಮೊದಲೇ ರೂಪಾಂತರ ಹೊಂದಿ ಅತಿ ಕಿರಿದಾದ ಕಪ್ಪೆಗಳಾದವು. ಆ ಗ್ರಂಥಿಯನ್ನು ತೆಗೆದುಹಾಕಿದರೆ ಗೊದಮೊಟ್ಟೆ ಬೆಳೆಯುತ್ತದೆಯೇ ಹೊರತು ಕಪ್ಪೆಯಾಗುವುದಿಲ್ಲವೆಂಬುದೂ ಮುಂದೆ ತಿಳಿದುಬಂದಿತು. ಗ್ರಂಥಿಯ ಆಜ್ಞೆ ಹೊರಟೊಡನೆ ಕಿವಿರುಗಳು ಕರಗತೊಡಗುತ್ತವೆ. ಪಾಚಿಯನ್ನು ಕೆರೆಯುತ್ತಿದ್ದ ಗಡುಸಾದ ಬಾಯಿ ಕಳಚಿ ಅಗಲವಾದ ಬಾಯಿ ರೂಪುಗೊಳ್ಳುತ್ತದೆ. ಸುರುಳಿ ಸುತ್ತಿಕೊಂಡಿದ್ದ ಉದ್ದನೆಯ ಕರುಳು ಕುಗ್ಗುತ್ತದೆ. ಆ ದಿನಗಳಲ್ಲಿ ಅದು ಏನನ್ನೂ ತಿನ್ನಲಾರದು. ಕರಗುತ್ತಿರುವ ಬಾಲವೇ ಅದರ ಬುತ್ತಿ. ಇದನ್ನರಿಯದೆ ‘ಪಾಪ, ಏನೂ ತಿಂದಿಲ್ಲ’ವೆಂದು ಅನ್ನದ ಅಗುಳು ಸುರಿಯುವವರೇ ಹೆಚ್ಚು. ಅನ್ನ ಕೊಳೆಯುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿದ್ದ ಆಮ್ಲಜನಕವನ್ನು ಕಬಳಿಸುತ್ತವೆ.

ಆ ಆಮ್ಲಜನಕವಾದರೂ ಎಷ್ಟು? ಭೌತಶಾಸ್ತ್ರ ಕಲಿಸುವ ನಮಗೆ ಇಲ್ಲಿ ಲೆಕ್ಕ ಹಾಕದೆ ಇರಲಾಗದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರು ನೀರು ಹೆಚ್ಚೆಂದರೆ ಎಂಟು ಮಿಲಿಗ್ರಾಮಿಗೆ ತುಸು ಮೇಲ್ಪಟ್ಟು ಹಿಡಿದಿಟ್ಟುಕೊಳ್ಳಬಲ್ಲುದು. ನೀರು ಬಿಸಿಯಾದಷ್ಟೂ ಅದು ಇನ್ನೂ ಕಡಮೆ. ಅಲ್ಲದೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತುಸಾವಿರದಲ್ಲೊಂದು ಪಾಲು. ಸ್ವಲ್ಪವೂ ಕದಡದ ನೀರಿನಲ್ಲಿ ಅದು ಮೇಲ್ಮೈಯಿಂದ ಹತ್ತು ಸೆಂಟಿಮೀಟರು ಆಳಕ್ಕೆ ಇಳಿಯಲು ಒಂದು ತಿಂಗಳಷ್ಟು ಕಾಲ ಬೇಕು! ಗೊದಮೊಟ್ಟೆಗಳ ಓಡಾಟವೂ ನೀರಿನ ಸಹಜ ಸುಳಿದಾಟವೂ ಸೇರಿ ಅಷ್ಟು ದುಃಸ್ಥಿತಿ ಬರಗೊಡುವುದಿಲ್ಲ, ನಿಜ. ಆದರೂ ಕಿರಿಬಾಯಿಯ ಎತ್ತರದ ಬಾಟಲಿಗಿಂತ ಅಗಲವಾದ ತಟ್ಟೆ ಏಕೆ ಮೇಲೆಂಬುದು ಇದರಿಂದ ತಿಳಿಯುತ್ತದೆ.

ನೀರು ಸಾಲದೆ ಬಂದಾಗ ಗೊದಮೊಟ್ಟೆ ಮೇಲೆ ಬಂದು ಗಾಳಿಯನ್ನೇ ನುಂಗುತ್ತದೆ. ಇದರಲ್ಲಿಯೂ ಒಂದು ಸೊಗಸುಂಟು. ಮೊಟ್ಟೆಯೊಡೆದ ಹೊಸತರಲ್ಲಿ ಅದೆಷ್ಟು ಚಿಕ್ಕದೆಂದರೆ ನೀರಿನ ಮೇಲ್ಮೈ ಎಳೆತವನ್ನು ಭೇದಿಸಿ ಮೂತಿಯನ್ನು ಹೊರಚಾಚಲು ಅದಕ್ಕೆ ಶಕ್ತಿಯಿಲ್ಲ. ಮೇಲ್ಮೈ ಅದಕ್ಕೆ ಬಿಗಿದು ಕಟ್ಟಿದ ತೊಗಲಿದ್ದಂತೆ. ಅದು ಆ ತೊಗಲಿಗೆ ಕೆಳಗಿನಿಂದ ಬಾಯಿ ಹಚ್ಚಿ, ಮೇಲ್ಮೈಯನ್ನು ಬಾಯೊಳಗೆ ಸೆಳೆದು, ಒಂದು ಗುಳ್ಳೆಯನ್ನು ಕತ್ತರಿಸಿಕೊಳ್ಳುತ್ತದೆ! ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಶ್ವೆಂಕ್ ಮತ್ತು ಫಿಲಿಪ್ಸ್ ಎಂಬವರು 2020ರಲ್ಲಿ ಈ ಉಪಾಯವನ್ನು ವಿವರವಾಗಿ ಪ್ರಕಟಿಸಿದರು. ನಮ್ಮ ವಿದ್ಯಾರ್ಥಿಗಳು ಲೋಮನಾಳದ ಪ್ರಯೋಗದಲ್ಲಿ ಅಳೆಯುವ ಎಳೆತವೇ ಇದು.

ಕೊನೆಯ ವಾರದ ಮರಿಗೆ ಈ ಎಳೆತ ಅಡ್ಡಿಯಲ್ಲ. ಅದಕ್ಕೆ ಬೇಕಾದುದು ನಿಲ್ಲಲು ನೆಲ. ಕಿವಿರು ಹೋಗಿದೆ, ಈಜುವ ಬಾಲ ಮೋಟಾಗುತ್ತಿದೆ, ಕಾಲುಗಳಿಗೆ ಇನ್ನೂ ಬಲ ಬಂದಿಲ್ಲ. ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ‘ಕಪ್ಪೆಯ ಜೀವನಚಕ್ರ’ವೆಂಬ ಫಲಕದಡಿ ನಾವು ಕಂಡ ಗಾಜಿನ ಭರಣಿಯಲ್ಲಿ ಕಂಠದವರೆಗೂ ನೀರಿತ್ತು. ಮೋಟುಬಾಲದ ಮರಿಯೊಂದು ನುಣುಪಾದ ಗಾಜಿಗೆ ಕೈಹಚ್ಚಿ ಏರುವುದು, ಜಾರುವುದು, ಮತ್ತೆ ಏರುವುದು. ನೋಡುವವರಿಗೆ ಅದು ಆಟವಾಗಿತ್ತು. ಒಂದು ಒರಟು ಕಲ್ಲನ್ನು ಇಳಿಜಾರಾಗಿ ಇಟ್ಟಿದ್ದರೆ ಸಾಕಿತ್ತು. ಮುಂಗಾಲು ಕಂಡ ದಿನವೇ ನೀರನ್ನು ಎರಡು ಬೆರಳಿನಷ್ಟಕ್ಕೆ ಇಳಿಸಿ, ಪಾತ್ರೆಯನ್ನು ಒಂದು ಕಡೆಗೆ ಓರೆ ಮಾಡಿ, ತೋಯ್ದ ಕಲ್ಲನ್ನೋ ಹಾವಸೆಯನ್ನೋ ಇಟ್ಟು, ಮೇಲೆ ಬಲೆಬಟ್ಟೆ ಕಟ್ಟಿ ನೆರಳಿನಲ್ಲಿಡಬೇಕು. ಇಷ್ಟನ್ನು ಮಾಡಲಾರದವರು ಗೊದಮೊಟ್ಟೆಯನ್ನು ಮುಟ್ಟಬಾರದೆಂಬುದೇ ನಮ್ಮ ಮತ.

ಹಾಗೆ ಮಾಡಬಲ್ಲವರೂ ಅನಮೋಡದಿಂದ ತರಬಾರದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು ಅದು. ಅನುಮತಿಯಿಲ್ಲದೆ ಅಲ್ಲಿನ ಜೀವಿಯನ್ನು ತೆಗೆದುಕೊಂಡು ಹೋಗುವುದಕ್ಕೆ ಕಾನೂನಿನ ನಿಷೇಧವಿದೆ. ಕಾನೂನನ್ನು ಬದಿಗಿಟ್ಟು ನೋಡಿದರೂ ಆ ಸೀಮೆಯ ಗೊದಮೊಟ್ಟೆಗಳಲ್ಲಿ ಹಲವು ಬಾಟಲಿಯ ಬಾಳಿಗೆ ಹುಟ್ಟಿದವಲ್ಲ. ಸಮೀಪದ ಕ್ಯಾಸಲ್‌ರಾಕಿನಿಂದ 2005ರಲ್ಲಿ ಲೋಕಕ್ಕೆ ಪರಿಚಯವಾದ ಇರುಳುಗಪ್ಪೆಯೊಂದು ತೊರೆಯ ಮೇಲೆ ಬಾಗಿದ ಎಲೆಗಳಲ್ಲಿ ಮೊಟ್ಟೆಯಿಡುತ್ತದೆ; ಮರಿ ಹರಿಯುವ ತಣ್ಣೀರಿಗೆ ಉದುರುತ್ತದೆ. ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಕಾಣಸಿಗುವ ಇಂಡಿರಾನ ಎಂಬ ಕಪ್ಪೆಗಳ ಗೊದಮೊಟ್ಟೆಗಳಂತೂ ನೀರು ಜಿನುಗುವ ಬಂಡೆಯ ಮೇಲೆಯೇ ಬಾಳುತ್ತವೆ. ನಿಂತ ನೀರಿನ ಬಾಟಲಿ ಇವಕ್ಕೆ ಹೇಗೆ ಒಗ್ಗೀತು?

‘ಹಾಗಾದರೆ ನಾವು ನೋಡುವುದೆಲ್ಲಿ?’ ಎಂದು ವಿದ್ಯಾರ್ಥಿಗಳು ಕೇಳಬಹುದು. ಹಿತ್ತಿಲಿನಲ್ಲಿ ಅಗಲವಾದ ಹಳೆಯ ಬಾನಿಯೊಂದನ್ನು ಮಳೆಗೆ ಒಡ್ಡಿ, ಒಳಗೂ ಹೊರಗೂ ಕಲ್ಲಿನ ಮೆಟ್ಟಿಲು ಕೊಟ್ಟರೆ ನೆಲಗಪ್ಪೆ ತಾನಾಗಿ ಬಂದು ಮಣಿಸರದಂತಹ ಮೊಟ್ಟೆ ಇಟ್ಟರೂ ಇಟ್ಟೀತು. ಸೊಳ್ಳೆಯ ಮರಿಗಳು ಕಂಡರೆ ಮಾತ್ರ ಜಾಲರಿಯಿಂದ ತಪ್ಪದೆ ತೆಗೆಯಬೇಕು. ಕಪ್ಪೆ ಬಾರದಿದ್ದರೆ ಬಯಲಿನ ಹೊಂಡದ ದಡದಲ್ಲಿ ದಿನವೂ ಕಾಲು ಗಂಟೆ ಕುಳಿತರೂ ಆದೀತು. ಹೊಂಡ ಒಣಗಿ ಅವು ಸತ್ತಾವೆಂದು ಮರುಗುವವರಿಗೆ ಒಂದು ಮಾತು: ನೀರು ಇಳಿಯುವುದನ್ನು ಅರಿತು ಬೇಗಬೇಗನೆ ಕಪ್ಪೆಯಾಗುವ ಸಾಮರ್ಥ್ಯ ಎಷ್ಟೋ ಜಾತಿಗಳಿಗೆ ಇದೆ.

ಬಾಲ ಪೂರ್ತಿ ಕರಗಿದ ಮರಿಗಪ್ಪೆಯನ್ನು ಸಾಕಿಕೊಳ್ಳುವ ಆಸೆ ಬೇಡ. ಚಲಿಸುವ ಬೇಟೆಯನ್ನಲ್ಲದೆ ಬೇರೇನನ್ನೂ ಅದು ಆಹಾರವೆಂದು ಗುರುತಿಸಲಾರದು. ದಿನವೂ ಅದರ ಬಾಯಿಗೆ ತಕ್ಕ ಕಿರಿನೊಣಗಳನ್ನು ಒದಗಿಸುವುದು ಪರೀಕ್ಷೆಗೆ ಓದುವವರಿಂದ ಆಗುವ ಕೆಲಸವಲ್ಲ. ಮಳೆಯ ಸಂಜೆ, ಮೊಟ್ಟೆಯಿಟ್ಟ ಎಡೆಯಲ್ಲಿಯೇ ಅದನ್ನು ಬಿಟ್ಟುಬಿಡಬೇಕು. ಬೇರೆ ಹೊಂಡಕ್ಕೆ ಒಯ್ಯಬಾರದು. ಉಭಯವಾಸಿಗಳ ಚರ್ಮವನ್ನು ಕಾಡುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟಗಳಲ್ಲಿಯೂ ಕಂಡುಬಂದಿದೆ. ಅದು ಗೊದಮೊಟ್ಟೆಯ ಬಾಯಲ್ಲಿ ಅಡಗಿದ್ದು, ರೂಪಾಂತರವಾದ ಮೇಲೆ ಮೈಯೆಲ್ಲಾ ಹಬ್ಬಬಲ್ಲುದು. ಆದುದರಿಂದ ಬಾನಿಯ ನೀರನ್ನು ಹಳ್ಳಕ್ಕೆ ಚೆಲ್ಲದೆ ಒಣನೆಲಕ್ಕೆ ಸುರಿದು, ಬಾನಿಯನ್ನೂ ಜಾಲರಿಯನ್ನೂ ಬಿಸಿಲು ಬಂದಾಗ ಚೆನ್ನಾಗಿ ಒಣಗಿಸಿ ಎತ್ತಿಡುವುದು ಒಳ್ಳೆಯದು.