ಬಾಳೆಯ ಕಂದಿನ ಪರೀಕ್ಷೆಯೂ ಚಿನ್ನದ ಕಣಗಳ ಬಣ್ಣವೂ

ಬಾಳೆಯ ಬೇಸಾಯಕ್ಕೆ ಬಂಚಿ ಟಾಪ್ ಎಂಬ ರೋಗದಷ್ಟು ಕೇಡು ಮಾಡತಕ್ಕವು ವಿರಳ. ಇದು ತಗುಲಿದ ಗಿಡದ ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ಸುಳಿಯಲ್ಲಿ ಗೊಂಚಲಾಗುವುವು. ಎಳೆತನದಲ್ಲಿ ತಗುಲಿದ ಗಿಡವು ಗೊನೆ ಬಿಡುವುದಿಲ್ಲ. ರೋಗ ಹಿಡಿದ ಗಿಡವನ್ನು ಗುಣಪಡಿಸುವ ಔಷಧವೂ ಇಲ್ಲ. ಇದಕ್ಕೆ ಕಾರಣವಾದ ವೈರಸ್ಸು ತಾಯಿಗಿಡದಿಂದ ಕಂದಿಗೂ, ಗಿಡಹೇನಿನ ಮೂಲಕ ನೆರೆಯ ತೋಟಕ್ಕೂ ದಾಟುವುದು. ನೋಟಕ್ಕೆ ಸೊಂಪಾದ ಕಂದು ಸಹ ಒಳಗೆ ರೋಗವನ್ನು ಹೊತ್ತಿರಬಹುದಾದುದರಿಂದ, ಕಂದುಗಳನ್ನು ಕಣ್ಣಂದಾಜಿನಿಂದ ಆರಿಸಿ ನೆಡುವ ಪದ್ಧತಿಯು ಸಾಲದು.

ಅಡಗಿದ ರೋಗವನ್ನು ಬಣ್ಣದಿಂದ ಹೊರಗೆಡಹಬಲ್ಲ ಒಂದು ವಿಧಾನಕ್ಕೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್, ರಾಬರ್ಟ್ ಲೆಟ್ಸಿಂಗರ್ ಮೊದಲಾದ ವಿಜ್ಞಾನಿಗಳು 1996 ಮತ್ತು 1997ರಲ್ಲಿ ತಳಹದಿ ಹಾಕಿದರು. ಒಂದು ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಸುಮಾರು 13 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿರುವಾಗ ಕೆಂಪಾಗಿಯೂ, ಒತ್ತಾಗಿ ಕೂಡಿದಾಗ ನೀಲಿಯಾಗಿಯೂ ಕಾಣುವುವು. ಇನ್ನು, ವಂಶಗುಣಗಳನ್ನು ಹೊತ್ತಿರುವ ಡಿಎನ್‌ಎ ಎಂಬ ವಸ್ತುವಿನ ಒಂದೊಂದು ಎಳೆಯೂ ತನಗೆ ಸರಿಜೋಡಿಯಾದ ಎಳೆಯನ್ನು ಹಿಡಿದುಕೊಳ್ಳುವ ಗುಣವುಳ್ಳದ್ದು. ಹುಡುಕತಕ್ಕ ಡಿಎನ್‌ಎಗೆ ಜೋಡಿಯಾಗುವ ಚಿಕ್ಕ ಎಳೆಗಳನ್ನು ಚಿನ್ನದ ಕಣಗಳಿಗೆ ಅಂಟಿಸಿಟ್ಟಲ್ಲಿ, ಆ ಡಿಎನ್‌ಎಯು ಮಾದರಿಯಲ್ಲಿದ್ದ ಪಕ್ಷದಲ್ಲಿ ಕಣಗಳನ್ನು ಹೆಣೆದು ಒಟ್ಟುಗೂಡಿಸುವುದು; ಕೆಂಪು ದ್ರವವು ನೀಲಿಗೆ ತಿರುಗುವುದು. ಬಂಚಿ ಟಾಪ್ ವೈರಸ್ಸು ಡಿಎನ್‌ಎಯುಳ್ಳದ್ದಾದುದರಿಂದ ಈ ತತ್ತ್ವವು ಅದಕ್ಕೂ ಅನ್ವಯಿಸತಕ್ಕದ್ದೇ.

ಆದರೆ ಬಣ್ಣವೊಂದನ್ನೇ ನಂಬಿ ತೀರ್ಮಾನಿಸುವುದು ತರವಲ್ಲ. ದ್ರವದಲ್ಲಿ ಉಪ್ಪಿನ ಅಂಶವು ಮಿತಿಮೀರಿದರೆ, ರೋಗವಿಲ್ಲದಿದ್ದರೂ ಕಣಗಳು ಕೂಡಿಕೊಂಡು ನೀಲಿ ತೋರಬಹುದು. ಎಲೆಯ ರಸದಲ್ಲಿ ವೈರಸ್ಸಿನ ಡಿಎನ್‌ಎಯು ಅತ್ಯಲ್ಪವಾಗಿದ್ದರೆ, ಮೊದಲು ಅದನ್ನು ಪ್ರಯೋಗಶಾಲೆಯಲ್ಲಿ ವೃದ್ಧಿಪಡಿಸದೆ ಬಣ್ಣವು ತಿರುಗದೆಯೂ ಇರಬಹುದು. ಆದುದರಿಂದ ರೋಗವಿರುವುದೆಂದು ತಿಳಿದ ಒಂದು ಮಾದರಿಯನ್ನೂ, ಇಲ್ಲವೆಂದು ತಿಳಿದ ಇನ್ನೊಂದನ್ನೂ ಜೊತೆಯಲ್ಲಿಟ್ಟು ನೋಡುವುದು ಅವಶ್ಯಕವು. ಇದು ತರಬೇತು ಪಡೆದವರ ಕೆಲಸವೇ ಹೊರತು ಹೊಲದ ಬದುವಿನಲ್ಲಿ ಯಾರಾದರೂ ಮಾಡತಕ್ಕದ್ದಲ್ಲ.

ಇಂತಹ ಪರೀಕ್ಷೆಗೆ ಯೋಗ್ಯವಾದ ಸ್ಥಳವು ಸಸಿಗಳನ್ನು ಬೆಳೆಸುವ ಕೇಂದ್ರವೇ ಆಗಿದೆ. ಒಂದು ತಾಯಿಗಿಡದಿಂದ ಸಾವಿರಾರು ಸಸಿಗಳು ಹೊರಡುವುದರಿಂದ, ಅಲ್ಲಿ ತಡೆದ ರೋಗವು ಅನೇಕ ತೋಟಗಳನ್ನು ಉಳಿಸುವುದು. ಅಂಗಾಂಶ ಕೃಷಿಯಿಂದ ಬೆಳೆಸಿದ ಸಸಿಗಳಿಗೆ ವೈರಸ್ ಪರೀಕ್ಷೆಯನ್ನೊಳಗೊಂಡ ಪ್ರಮಾಣಪತ್ರದ ಏರ್ಪಾಟನ್ನು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2006ರಲ್ಲಿ ಜಾರಿಗೆ ತಂದಿತು. ಸಸಿಯನ್ನು ಕೊಳ್ಳುವ ಭೂಮಾಲಿಕರು ಬೆಲೆಯನ್ನು ವಿಚಾರಿಸುವುದಕ್ಕೆ ಮುಂಚೆ ಈ ಪತ್ರವನ್ನು ಕೇಳತಕ್ಕದ್ದು.

ಪರೀಕ್ಷಿಸಿದ ಸಸಿಯನ್ನು ನೆಟ್ಟ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ಪಕ್ಕದ ತೋಟದಲ್ಲಿ ರೋಗದ ಒಂದು ಗಿಡವು ನಿಂತಿದ್ದರೂ ಗಿಡಹೇನು ಅದನ್ನು ಹೊತ್ತು ತರುವುದು. ಮೊದಲು ಹೇನನ್ನು ನಾಶಪಡಿಸಿ, ಅನಂತರ ರೋಗದ ಬುಡವನ್ನು ಗಡ್ಡೆ ಸಹಿತ ಅಗೆದು ತೆಗೆಯುವ ಕೆಲಸವು ಊರಿನ ಎಲ್ಲ ತೋಟಗಳಲ್ಲಿಯೂ ಏಕಕಾಲದಲ್ಲಿ ನಡೆಯಬೇಕು. ಒಬ್ಬ ರೈತನಿಂದ ಇದು ಸಾಗದು. ಆದಕಾರಣ ಗ್ರಾಮಪ್ರಮುಖರು ಮುಂದೆ ನಿಂತು, ನಷ್ಟಕ್ಕೆ ಅಂಜುವ ಬಡ ರೈತರಿಗೆ ಒಳ್ಳೆಯ ಸಸಿಗಳನ್ನು ಒದಗಿಸಿ, ಈ ಕಾರ್ಯವನ್ನು ನೆರವೇರಿಸುವುದು ಯುಕ್ತವು.