ಕೃತಕ ಸಿಹಿ: ಮಧುಮೇಹಿಗೆ ಯಾರ ಮಾತು ಪ್ರಮಾಣ?

ಸಕ್ಕರೆಗೆ ಬದಲಾಗಿ ಸಿಹಿ ಗುಳಿಗೆ, ಪುಡಿಗಳನ್ನು ಬಳಸುತ್ತಿರುವ ಮಧುಮೇಹಿಗಳು ಗೊಂದಲಕ್ಕೀಡಾಗಲು 2023ರಲ್ಲಿ ಎರಡು ತಿಂಗಳ ಅಂತರದಲ್ಲಿ ಹೊರಬಿದ್ದ ಎರಡು ಪ್ರಕಟಣೆಗಳು ಸಾಕಾದವು. ದೇಹತೂಕದ ನಿಯಂತ್ರಣಕ್ಕಾಗಿ ಸಕ್ಕರೆಯೇತರ ಸಿಹಿಕಾರಕಗಳನ್ನು ಬಳಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು ಆ ವರ್ಷದ ಮೇ 15ರಂದು ಸಲಹೆ ನೀಡಿತು. ಜುಲೈ 14ರಂದು ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು, ಆಸ್ಪರ್ಟೇಮ್ ಎಂಬ ಸಿಹಿಕಾರಕವನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯಿರುವ ವಸ್ತುಗಳ ‘2ಬಿ’ ವರ್ಗಕ್ಕೆ ಸೇರಿಸಿತು. ತಲೆಬರಹವನ್ನಷ್ಟೇ ಓದಿದವರಿಗೆ, ಇದಕ್ಕಿಂತ ಸಕ್ಕರೆಯೇ ಲೇಸು, ಬೆಲ್ಲವಾದರೆ ಇನ್ನೂ ಲೇಸು ಎಂದೆನಿಸಿದ್ದರೆ ಅಚ್ಚರಿಯಿಲ್ಲ.

ವಿಷಯ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರ ಜೂನ್‌ನಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಮತ್ತೆ 13.6 ಕೋಟಿ ಜನ ರೋಗದ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿದೆ. ಇಷ್ಟು ಜನರ ದಿನನಿತ್ಯದ ಲೋಟಕ್ಕೆ ಸಂಬಂಧಿಸಿದ ಸಲಹೆಯನ್ನು ಪೂರ್ಣವಾಗಿ ಓದುವುದು ಅಗತ್ಯ.

ಮೇ ತಿಂಗಳ ಸಲಹೆಯಿಂದ, ಈಗಾಗಲೇ ಮಧುಮೇಹ ಇರುವವರನ್ನು ಸ್ಪಷ್ಟವಾಗಿ ಹೊರಗಿಡಲಾಗಿತ್ತು. ಆದರೆ ಈ ವಿನಾಯಿತಿಯನ್ನು ಸುರಕ್ಷತೆಯ ಪ್ರಮಾಣಪತ್ರವೆಂದು ಭಾವಿಸುವಂತಿಲ್ಲ; ಮಧುಮೇಹಿಗಳ ಮೇಲೆ ಮಾತ್ರ ನಡೆದ ಅಧ್ಯಯನಗಳನ್ನು ಸಂಸ್ಥೆಯು ಅಲ್ಲಿ ಪರಿಶೀಲಿಸಿರಲಿಲ್ಲ ಎಂಬುದಷ್ಟೇ ಅದರ ಅರ್ಥ. ದೀರ್ಘಕಾಲದ ಬಳಕೆಗೂ ಹೃದ್ರೋಗ, ಮಧುಮೇಹಗಳಿಗೂ ನಂಟಿರಬಹುದೆಂಬ ಮಾತು ಆ ಪರಿಶೀಲನೆಯಲ್ಲಿದ್ದರೂ, ಬೊಜ್ಜು ಮೊದಲಾದ ತೊಂದರೆಯುಳ್ಳವರೇ ಇಂಥ ಸಿಹಿಯತ್ತ ಹೆಚ್ಚಾಗಿ ತಿರುಗುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ತೀರ್ಮಾನವಾಗಿಲ್ಲ. ಆದಕಾರಣವೇ ಸಂಸ್ಥೆಯು ತನ್ನ ಸಲಹೆಯನ್ನು ಷರತ್ತುಬದ್ಧವೆಂದು ಕರೆದಿದೆ.

ಜುಲೈ ತಿಂಗಳ ಪ್ರಕಟಣೆಯದೂ ಇದೇ ಕಥೆ. ‘2ಬಿ’ ವರ್ಗವು ಸಾಕ್ಷ್ಯದ ಬಲವನ್ನು ಸೂಚಿಸುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 70 ಕಿಲೋ ತೂಕದ ವ್ಯಕ್ತಿಯು ಈ ಮಿತಿಯನ್ನು ದಾಟಬೇಕಾದರೆ, 200ರಿಂದ 300 ಮಿಲಿಗ್ರಾಂ ಆಸ್ಪರ್ಟೇಮ್ ಇರುವ ತಂಪು ಪಾನೀಯದ 9ರಿಂದ 14ಕ್ಕೂ ಹೆಚ್ಚು ಡಬ್ಬಿಗಳನ್ನು ಒಂದೇ ದಿನ ಕುಡಿಯಬೇಕಾಗುತ್ತದೆ. ಫಿನೈಲ್‌ಕೀಟೋನ್ಯೂರಿಯಾ ಎಂಬ ಅಪರೂಪದ ಆನುವಂಶಿಕ ತೊಂದರೆ ಇರುವವರು ಮಾತ್ರ ಇದರಿಂದ ದೂರವಿರಲೇಬೇಕು.

ಸಿಹಿ ಬದಲಾದರೆ ಸಕ್ಕರೆ ಇಳಿಯುವುದೇ?

ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚದಂತೆ ಸಕ್ಕರೆ ಬೆರೆಸಿದರೆ ಸುಮಾರು 40 ಗ್ರಾಂ ಆಗುತ್ತದೆ. ಅದರಿಂದ ಬರುವ ಶಕ್ತಿ 160 ಕ್ಯಾಲೊರಿ. ಇದನ್ನು ತಪ್ಪಿಸುವುದು ಲಾಭವೇ. ಆದರೆ ಲಾಭದ ಮಿತಿಯನ್ನೂ ಅರಿಯಬೇಕು. ಟೈಪ್ 2 ಮಧುಮೇಹವುಳ್ಳ 179 ಭಾರತೀಯರ ಮೇಲೆ ಚೆನ್ನೈನ ಮಧುಮೇಹ ಸಂಶೋಧಕರು 12 ವಾರ ನಡೆಸಿ, 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಫಿ, ಚಹಾದ ಸಕ್ಕರೆಗೆ ಬದಲಾಗಿ ಸುಕ್ರಲೋಸ್ ನೀಡಲಾಗಿತ್ತು. ತೂಕ ಮತ್ತು ಸೊಂಟದ ಸುತ್ತಳತೆ ತುಸು ಇಳಿದವು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಮಟ್ಟದಲ್ಲಿ ಗಮನಾರ್ಹ ವ್ಯತ್ಯಾಸವಾಗಲಿಲ್ಲ. ಸಿಹಿಕಾರಕವು ಸಕ್ಕರೆಯ ಜಾಗವನ್ನು ತುಂಬಬಲ್ಲದು, ಔಷಧದ ಜಾಗವನ್ನಲ್ಲ. ಲೋಟದಲ್ಲಿ ಉಳಿಸಿದ್ದನ್ನು ತಟ್ಟೆಯಲ್ಲಿ ಅನ್ನವಾಗಿ ಹಾಕಿಸಿಕೊಂಡರೆ ಲೆಕ್ಕ ಮೊದಲಿನಂತೆಯೇ.

ಡಬ್ಬಿಯ ಮೇಲಿನ ಬರಹ

ನಿಜವಾದ ಮೋಸವಿರುವುದು ಗುಳಿಗೆಯಲ್ಲಿ ಅಲ್ಲ, ‘ಶುಗರ್ ಫ್ರೀ’ ಎಂಬ ಪದದಲ್ಲಿ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮದಂತೆ, 100 ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇಲ್ಲದಿದ್ದರೆ ಈ ಹೆಸರು ಸಲ್ಲುತ್ತದೆ. ಮೈದಾ ಹಿಟ್ಟಿನ ಪಿಷ್ಟ ಈ ಲೆಕ್ಕಕ್ಕೆ ಬರುವುದಿಲ್ಲ. ರಕ್ತದಲ್ಲಿ ಮಾತ್ರ ಅದು ಗ್ಲೂಕೋಸೇ ಆಗುತ್ತದೆ. ತುಪ್ಪದ ಕ್ಯಾಲೊರಿಯೂ ಎಲ್ಲಿಗೂ ಹೋಗುವುದಿಲ್ಲ. ಕೇಂದ್ರದ ಲೇಬಲ್ ನಿಯಮವು ಇಂಗ್ಲಿಷ್ ಇಲ್ಲವೇ ಹಿಂದಿಯನ್ನು ಕಡ್ಡಾಯಗೊಳಿಸಿ, ಇತರ ಭಾಷೆಗಳಿಗೆ ಅವಕಾಶವನ್ನಷ್ಟೇ ನೀಡಿದೆ. ಎಚ್ಚರಿಕೆ ಯಾರಿಗಾಗಿ ಇದೆಯೋ ಅವರೇ ಅದನ್ನು ಓದಲಾಗದಿದ್ದರೆ ಪ್ರಯೋಜನವೇನು?

ಕರ್ನಾಟಕದ ಮನೆಗಳಲ್ಲಿ ಬೆಲ್ಲ, ಜೇನುತುಪ್ಪಗಳ ಮೇಲಿನ ನಂಬಿಕೆಯೂ ಬಲವಾದುದು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶವಿರುವುದು ನಿಜ. ಆದರೆ ಅದರ ಬಹುಪಾಲು ಸುಕ್ರೋಸೇ. ಬಣ್ಣ ಬದಲಾದ ಮಾತ್ರಕ್ಕೆ ಮಧುಮೇಹಿಯ ರಕ್ತ ಅದನ್ನು ಬೇರೆಯೆಂದು ಎಣಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು. ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆ ತೆಗೆದುಕೊಳ್ಳುವವರ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ಮಂಕು ಕಾಣಿಸಿಕೊಂಡಾಗ ಕೃತಕ ಸಿಹಿ ಕೊಂಚವೂ ನೆರವಾಗದು. ಎಚ್ಚರವಿದ್ದು ನುಂಗಲು ಶಕ್ತರಾದವರಿಗೆ ಆಗ ಬೇಕಾದುದು ಸುಮಾರು 15 ಗ್ರಾಂ ಗ್ಲೂಕೋಸ್, ಇಲ್ಲವೇ ಮೂರು ಚಮಚ ನಿಜವಾದ ಸಕ್ಕರೆ; ಹದಿನೈದು ನಿಮಿಷದ ಬಳಿಕ ಮತ್ತೊಮ್ಮೆ ಪರೀಕ್ಷೆ. ಸಕ್ಕರೆ ಡಬ್ಬಿಯನ್ನೇ ಮನೆಯಿಂದ ಹೊರಹಾಕಿದ ಕುಟುಂಬಗಳು ಇದನ್ನು ಮರೆಯಬಾರದು.

ಹಾಗಾದರೆ ಯಾರ ಮಾತು ಪ್ರಮಾಣ? ತಲೆಬರಹವೂ ಅಲ್ಲ, ಜಾಹೀರಾತೂ ಅಲ್ಲ. ರೋಗಿಯ ಎಚ್‌ಬಿಎ1ಸಿ, ತೂಕ, ಔಷಧಗಳನ್ನು ಬಲ್ಲ ವೈದ್ಯರು ಮತ್ತು ಆತನ ಸ್ವಂತ ಗ್ಲೂಕೋಮೀಟರ್. ಸಕ್ಕರೆಯಿಂದ ಬಿಡಿಸಿಕೊಳ್ಳಲು ಸಿಹಿಕಾರಕವನ್ನು ಊರುಗೋಲಾಗಿ ಬಳಸಬಹುದು. ಸಿಹಿಯ ಚಪಲವೇ ಕ್ರಮೇಣ ತಗ್ಗಿ, ಆ ಊರುಗೋಲೂ ಬೇಡವಾಗುವುದು ಅಂತಿಮ ಗುರಿಯಾಗಬೇಕು.