ಗುಡ್ಡದ ತುದಿಯ ರೇಡಿಯೊ: ಲಾಭವೇನು, ನಷ್ಟವೇನು?



ಈ ಪುಟದಲ್ಲಿ ಸಾಮಾನ್ಯವಾಗಿ ಬೋರ್ಡೋ ದ್ರಾವಣ, ಕಾಯಿಕೊರಕ, ಸಾಲದ ಕಂತು ಇವುಗಳ ಬಗ್ಗೆಯೇ ಬರೆಯುವ ನಾನು ಈ ತಿಂಗಳು ಸ್ವಲ್ಪ ದಾರಿ ಬಿಟ್ಟು ನಡೆಯುತ್ತಿದ್ದೇನೆ. ಅದಕ್ಕೆ ಕಾರಣ ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ನಾನು ಮಂಡಿಸಿದ ಒಂದು ಸಣ್ಣ ಸೂಚನೆ. ಗೋದಾಮಿನ ಪಕ್ಕದಲ್ಲಿ ಖಾಲಿ ಬಿದ್ದಿರುವ ಕೊಠಡಿಯನ್ನು ಭಾನುವಾರ ಬೆಳಿಗ್ಗೆ ಎರಡು ಗಂಟೆಯ ಕಾಲ, ಹವ್ಯಾಸಿ ರೇಡಿಯೊ ಪರೀಕ್ಷೆಗೆ ಓದುವ ನಮ್ಮ ಸದಸ್ಯರ ಮಕ್ಕಳಿಗೆ ಬಿಟ್ಟುಕೊಡಬೇಕು ಎಂಬುದಷ್ಟೇ ಆ ಸೂಚನೆ. ಹಿರಿಯ ನಿರ್ದೇಶಕರೊಬ್ಬರು, "ಇದರಿಂದ ಅಡಿಕೆಗೆ ಕ್ವಿಂಟಾಲಿಗೆ ಎಷ್ಟು ಹೆಚ್ಚು ಸಿಗುತ್ತದೆ ಕಾರ್ಯದರ್ಶಿಗಳೇ?" ಎಂದು ಕೇಳಿದರು. ಸಭೆ ನಕ್ಕಿತು, ನಾನೂ ನಕ್ಕೆ. ವಿಷಯವನ್ನು ಮುಂದೂಡಲಾಯಿತು.

ಮನೆಗೆ ಬಂದ ಮೇಲೆ ಯೋಚಿಸಿದರೆ ಆ ಪ್ರಶ್ನೆ ನ್ಯಾಯವಾದದ್ದೇ ಎನಿಸಿತು. ಸದಸ್ಯರ ಹಣದಲ್ಲಿ ನಡೆಯುವ ಸಂಘದಲ್ಲಿ ಪ್ರಯೋಜನ ಕೇಳದವನು ನಿರ್ದೇಶಕನಾಗಲು ಯೋಗ್ಯನಲ್ಲ. ಆದ್ದರಿಂದ ಸಭೆಯಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತೇನೆ.

ಹ್ಯಾಮ್ ರೇಡಿಯೊ ಎಂದು ಜನ ಕರೆಯುವ ಈ ಹವ್ಯಾಸದಲ್ಲಿ, ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವರು ತಮ್ಮದೇ ಸೆಟ್ಟಿನಿಂದ ದೂರದ ಇನ್ನೊಬ್ಬ ಹವ್ಯಾಸಿಯೊಡನೆ ಮಾತನಾಡುತ್ತಾರೆ. ನಡುವೆ ಟವರ್ ಇಲ್ಲ, ಕಂಪನಿ ಇಲ್ಲ, ತಿಂಗಳ ಬಿಲ್ಲೂ ಇಲ್ಲ. ಪ್ರತಿಯೊಬ್ಬರಿಗೂ ಒಂದು ಕರೆಹೆಸರು. ನಮ್ಮ ದೇಶದವರದು ಸಾಮಾನ್ಯವಾಗಿ ವಿ.ಯು. ಎಂದು ಆರಂಭವಾಗುತ್ತದೆ. ವ್ಯಾಪಾರದ ಮಾತು ನಿಷಿದ್ಧ. ಅಂದರೆ ಇಂದಿನ ಅಡಿಕೆ ಧಾರಣೆ ಕೇಳಲು ಇದನ್ನು ಬಳಸುವಂತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಹವ್ಯಾಸದ ಒಳಗೇ ಇನ್ನೊಂದು ಹುಚ್ಚು ಇದೆ. ಸೆಟ್ಟನ್ನು ಬೆನ್ನಿಗೆ ಹಾಕಿಕೊಂಡು ಬೆಟ್ಟದ ತುದಿಗೆ ಹೋಗಿ ಅಲ್ಲಿಂದ ಮಾತನಾಡುವುದು. 2002ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಕೆಲವು ಹವ್ಯಾಸಿಗಳು ಇದಕ್ಕೊಂದು ಕ್ರಮಬದ್ಧ ಯೋಜನೆ ಮಾಡಿದರು. ಅದು ಈಗ ಹಲವು ದೇಶಗಳಿಗೆ ಹಬ್ಬಿದೆ. ನಿಯಮಗಳು ಸರಳ. ಪಟ್ಟಿಯಲ್ಲಿರುವ ಬೆಟ್ಟಗಳಿಗೆ ಎತ್ತರಕ್ಕೆ ತಕ್ಕಂತೆ 1ರಿಂದ 10ರವರೆಗೆ ಅಂಕ. ತುದಿಯಿಂದ ಕನಿಷ್ಠ ನಾಲ್ಕು ಬೇರೆ ಬೇರೆ ಕೇಂದ್ರಗಳೊಡನೆ ಸಂಪರ್ಕವಾದರೆ ಮಾತ್ರ ಅಂಕ ಸಿಗುತ್ತದೆ. ವಾಹನದಲ್ಲಿ ಕುಳಿತು ಮಾತನಾಡುವಂತಿಲ್ಲ, ಪೆಟ್ರೋಲ್ ಜನರೇಟರ್ ತರುವಂತಿಲ್ಲ, ಸಾಮಾನನ್ನು ತಾವೇ ಹೊರಬೇಕು. ಒಂದೇ ಬೆಟ್ಟದ ಅಂಕ ವರ್ಷಕ್ಕೆ ಒಂದೇ ಸಲ. ಸಾವಿರ ಅಂಕ ಸೇರಿದವರಿಗೆ 'ಬೆಟ್ಟದ ಮೇಕೆ' ಎಂಬ ಬಿರುದು. ಮನೆಯಲ್ಲಿ ಕುಳಿತೇ ಬೆಟ್ಟದವರನ್ನು ಹುಡುಕಿ ಮಾತನಾಡಿಸುವವರಿಗೂ ಅಂಕ ಉಂಟು. ಹಣದ ಬಹುಮಾನ ಮಾತ್ರ ಯಾರಿಗೂ ಇಲ್ಲ.

ಬ್ರಿಟನ್ನಿನಲ್ಲೇ ಅತಿ ಎತ್ತರದ ಬೆನ್ ನೆವಿಸ್ ಬೆಟ್ಟ 1,345 ಮೀಟರ್. ನಮ್ಮ ಕೊಡಚಾದ್ರಿಯೇ 1,343 ಮೀಟರ್ ಇದೆ. ಮುಳ್ಳಯ್ಯನಗಿರಿ, ಕುದುರೆಮುಖ, ತಡಿಯಂಡಮೋಳ್ ಇವೆಲ್ಲ ಅದಕ್ಕಿಂತ ಎತ್ತರ. ಬೆಟ್ಟದ ಬಡತನ ನಮಗಿಲ್ಲ. ಹತ್ತುವ ಕಾಲಿನ ಬಡತನ ಬರುತ್ತಿದೆ. ಮುಳ್ಳಯ್ಯನಗಿರಿಯ ದಾರಿಯಲ್ಲಿ ರಜಾದಿನಗಳಂದು ಸಾಲುಗಟ್ಟಿ ನಿಲ್ಲುವ ಕಾರುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನಗೆ ಇದರ ಪರಿಚಯವಾದದ್ದು ನನ್ನ ಅಕ್ಕನ ಮಗನಿಂದ. ಬೆಂಗಳೂರಿನಲ್ಲಿ ಇಂಜಿನಿಯರ್. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಬಂದವನು, "ಮಾವ, ನಾಳೆ ನಮ್ಮ ತೋಟದ ಹಿಂದಿನ ಗುಡ್ಡಕ್ಕೆ ಹೋಗೋಣ. ಒಂದು ಉದ್ದನೆಯ ಕೋಲು ಬೇಕು" ಎಂದ. ನಾಲ್ಕು ತುಂಡು ಜೋಡಿಸುವ ಹೊಸ ಕಾರ್ಬನ್ ಫೈಬರ್ ದೋಟಿ ತೋರಿಸಿದೆ. ಅದು ವಿದ್ಯುತ್ತನ್ನು ಹರಿಸುವ ವಸ್ತು, ಏರಿಯಲ್ ತಂತಿಗೆ ತಾಗಿದಂತಿದ್ದರೆ ಕೆಲಸ ಕೆಡುತ್ತದೆ ಎಂದು ಹಳೆಯ ಬಿದಿರಿನ ದೋಟಿಯನ್ನೇ ಆರಿಸಿದ. ಅದನ್ನು ಹೆಗಲಿಗೇರಿಸಿ ಹೊರಟಾಗ ನಮ್ಮ ಮೇಸ್ತ್ರಿ, "ಗುಡ್ಡದ ಮೇಲೆ ಯಾವ ಅಡಿಕೆ ಕೊಯ್ಯಕ್ಕೆ ಹೊಂಟ್ರಿ ಅಯ್ಯಾ?" ಎಂದು ನಗೆಯಾಡಿದ. ಕಾಫಿ ಕೊಯ್ಲಿನ ದಿನಗಳು; ಆಳುಗಳೆಲ್ಲ ನೋಡಿ ನಕ್ಕರು.

ತುದಿ ತಲುಪಲು ಎರಡು ಗಂಟೆ ಹಿಡಿಯಿತು. ದೋಟಿಯ ತುದಿಗೆ ಇಪ್ಪತ್ತು ಮೀಟರ್ ತಂತಿಯ ನಡುಭಾಗವನ್ನು ಕಟ್ಟಿ, ಎರಡು ತುದಿಗಳನ್ನು ಎರಡು ಕಡೆಗೆ ಇಳಿಸಿ ಕಲ್ಲಿಗೆ ಬಿಗಿದೆವು. ಅದೇ ಏರಿಯಲ್. ಸೆಟ್ಟು ಊಟದ ಡಬ್ಬಿಯಷ್ಟು, ಅದರ ಶಕ್ತಿ 5 ವ್ಯಾಟ್, ಅಂದರೆ ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ನಮ್ಮ ಗುಡ್ಡ ಯಾವ ಪಟ್ಟಿಯಲ್ಲೂ ಇಲ್ಲ, ಅದಕ್ಕೆ ಅಂಕವೂ ಇಲ್ಲ. ಆದರೂ ನಾಲ್ಕು ಸಂಪರ್ಕದ ನಿಯಮವನ್ನು ನಾವೇ ಇಟ್ಟುಕೊಂಡೆವು.

ಲೈಸೆನ್ಸ್ ಇಲ್ಲದ ನಾನು ಮೈಕ್ ಮುಟ್ಟುವಂತಿಲ್ಲ, ಕೇಳುತ್ತ ಕುಳಿತೆ. ಅವನು ಅರ್ಧ ಗಂಟೆ ಕರೆದರೂ ಉತ್ತರವಿಲ್ಲ. ನನಗೆ ಕಣದ ಚಿಂತೆ ಹತ್ತಿತು. ಅಷ್ಟರಲ್ಲಿ ಹೈದರಾಬಾದಿನಿಂದ ಒಬ್ಬರು, ಸ್ವಲ್ಪ ಹೊತ್ತಿಗೆ ತ್ರಿಶೂರಿನಿಂದ ಒಬ್ಬರು, ಚೆನ್ನೈಯಿಂದ ಒಬ್ಬರು. ನಾಲ್ಕನೆಯವರು ಮಾತ್ರ ಸಿಗಲಿಲ್ಲ. ಇಳಿಯೋಣ ಎಂದೆ. "ಹತ್ತು ನಿಮಿಷ ಮಾವ" ಎಂದ. ಹತ್ತು ಇಪ್ಪತ್ತಾಗುವ ಹೊತ್ತಿಗೆ ಬಹಳ ಕ್ಷೀಣವಾದ ಒಂದು ದನಿ ಕೇಳಿಸಿತು. ಕೊಯಮತ್ತೂರಿನ ಒಬ್ಬ ವೃದ್ಧರು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರಂತೆ. ಕರೆಹೆಸರು, ಸದ್ದಿನ ಗುಣಮಟ್ಟ ಎಲ್ಲ ವಿನಿಮಯವಾದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: "ನಿಮ್ಮ ಗುಡ್ಡದ ಮೇಲೆ ಈಗ ಗಾಳಿ ಇದೆಯೇ?" ಇದೆ, ಜೋರಾಗಿದೆ ಎಂದ ಹುಡುಗ. "ಸಂತೋಷ, ಈ ದಿನದ ನನ್ನ ನಡಿಗೆ ಮುಗಿಯಿತು" ಎಂದರು ಅವರು.

ಆ ದಿನ ನನಗೆ ಸಿಕ್ಕ ಕೂಲಿ ಅದು. ಅಂಕ ಸೊನ್ನೆ.

ಇಂತಹ ಕೆಲಸಕ್ಕೆ ಜನ ಏಕೆ ಹೋಗುತ್ತಾರೆ ಎಂದು ಆ ಮೇಲೆ ಹಲವು ಹವ್ಯಾಸಿಗಳನ್ನು ಕೇಳಿದ್ದೇನೆ. ಒಬ್ಬರಿಗೆ ಅಂಕದ ಆಸೆ. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ, ನಾವೂ ಎಕರೆಗೆ ಎಷ್ಟು ಮೂಟೆ ಎಂದು ಲೆಕ್ಕ ಹಾಕಿ ಮೀಸೆ ತಿರುವುವವರೇ. ಇನ್ನೊಬ್ಬರಿಗೆ ವೈದ್ಯರು ನಡೆಯಲು ಹೇಳಿದ್ದಾರೆ, ಸುಮ್ಮನೆ ನಡೆಯಲು ಬೇಸರ. ಮತ್ತೊಬ್ಬರಿಗೆ ಮೌನ ಬೇಕು. ಪೇಟೆಯ ಮನೆಗಳಲ್ಲಿ ಇನ್ವರ್ಟರ್, ಚಾರ್ಜರ್, ಅಗ್ಗದ ಬಲ್ಬುಗಳ ಗೊರಗೊರ ಸದ್ದಿನಲ್ಲಿ ಕ್ಷೀಣ ದನಿಗಳು ಮುಳುಗಿಹೋಗುತ್ತವೆ, ಬೆಟ್ಟದ ಮೇಲೆ ಕೇಳಿಸುತ್ತವೆ. ಕೆಲವರಿಗೆ ಸ್ವಂತ ಕೈಯಿಂದ ಬೆಸುಗೆ ಹಾಕಿದ ಸೆಟ್ಟು ಮಾತನಾಡಿತೆಂಬ ಹೆಮ್ಮೆ. ಎಲ್ಲರಿಗೂ ಸಾಮಾನ್ಯವಾದದ್ದು ಇಷ್ಟು: ಫಲ ಖಾತ್ರಿಯಿಲ್ಲ. ದೂರದ ಸಂಪರ್ಕ ಸೂರ್ಯನ ಕಲೆಗಳ ಸುಮಾರು 11 ವರ್ಷದ ಏರಿಳಿತವನ್ನು ಅವಲಂಬಿಸಿದೆ, ದಿನದ ಹೊತ್ತನ್ನು ಅವಲಂಬಿಸಿದೆ. ಹೂಮಳೆಗೆ ಕಾಯುವ ಕಾಫಿ ಬೆಳೆಗಾರನಿಗೆ ಈ ಸ್ವಭಾವ ಹೊಸದಲ್ಲ.

ಕನ್ನಡ ನಾಡಿಗೆ ರೇಡಿಯೊ ಬಂದದ್ದೂ ಇಂತಹ ಪ್ರೀತಿಯಿಂದಲೇ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಅವರು ಕಲಿಸುತ್ತಿದ್ದದ್ದು ಮನಃಶಾಸ್ತ್ರ. ಕ್ವಿಂಟಾಲಿಗೆ ಎಷ್ಟು ಎಂದು ಅಂದು ಯಾರಾದರೂ ಕೇಳಿದ್ದರೆ ಅವರಿಗೂ ಉತ್ತರ ಕಷ್ಟವಾಗುತ್ತಿತ್ತು.

ಇನ್ನು ನಿರ್ದೇಶಕರ ಪ್ರಶ್ನೆಗೆ ನೇರವಾಗಿ ಬರುತ್ತೇನೆ.

2019ರ ಆಗಸ್ಟ್ ಮಳೆಯನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ನಮ್ಮ ಹಳ್ಳಿಯ ರಸ್ತೆ ಎರಡು ಕಡೆ ಕುಸಿಯಿತು. ಮೊದಲ ದಿನ ಕರೆಂಟು ಹೋಯಿತು. ಮರುದಿನ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯಿತು. ಪಕ್ಕದ ಮನೆಯ ಅಮ್ಮನವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಮುಗಿದಿತ್ತು. ಇಬ್ಬರು ಹುಡುಗರು ಕಂಬಳಿ ಕೊಪ್ಪೆ ಹಾಕಿಕೊಂಡು ಇಂಬಳದ ಕಾಡಿನಲ್ಲಿ ಸುತ್ತು ಬಳಸಿ ಪೇಟೆಗೆ ಹೋಗಿ ಬರಲು ಎರಡು ದಿನವಾಯಿತು. ಅವರು ಬರುವ ಹೊತ್ತಿಗೆ ಆಕೆಗೆ ಪ್ರಜ್ಞೆ ಇರಲಿಲ್ಲ. ದೈವ ದೊಡ್ಡದು, ಉಳಿದರು.

ನಾಲ್ಕು ಸಂಪರ್ಕ ಮುಗಿಸಿ ಆ ಡಿಸೆಂಬರಿನಲ್ಲಿ ಗುಡ್ಡ ಇಳಿಯುವಾಗ ಕತ್ತಲಾಗುತ್ತ ಬಂದಿತ್ತು. ತುದಿಯಿಂದ ಹಿಂತಿರುಗಿ ನೋಡಿದರೆ ತಾಲೂಕು ಕೇಂದ್ರದ ದೀಪಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹುಡುಗ ಸಹಜವಾಗಿ ಹೇಳಿದ, "ಕಣ್ಣಿಗೆ ಕಾಣುವ ಜಾಗಕ್ಕೆ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟು ಸಾಕು ಮಾವ." ಲೆಕ್ಕ ಹೀಗಿದೆ: ಆ ಅಲೆಗಳು ಬಹುಮಟ್ಟಿಗೆ ದೃಷ್ಟಿಯಂತೆ ನೇರವಾಗಿ ಹೋಗುತ್ತವೆ, ಎತ್ತರ ಹೆಚ್ಚಿದಂತೆ ದಿಗಂತ ದೂರವಾಗುತ್ತದೆ. ಅಡ್ಡಿಯೇನೂ ಇಲ್ಲದಿದ್ದರೆ 1,900 ಮೀಟರ್ ಎತ್ತರದಿಂದ ಸುಮಾರು 180 ಕಿಲೋಮೀಟರ್. ನಮಗೆ ಬೇಕಾದದ್ದು ಬರೀ ಹದಿನಾಲ್ಕು. ಅವನ ಮಾತು ಕೇಳಿ ನಾನು ದಾರಿಯಲ್ಲೇ ನಿಂತುಬಿಟ್ಟೆ. ನಮ್ಮ ಇಬ್ಬರು ಹುಡುಗರು ಎರಡು ದಿನ ನಡೆದರಲ್ಲ, ಆ ಸುದ್ದಿ ಈ ಗುಡ್ಡದಿಂದ ಅರ್ಧ ನಿಮಿಷದಲ್ಲಿ ಮುಟ್ಟಬಹುದಿತ್ತು. ಕೇಳುವವರು ಅಲ್ಲಿ, ಹೇಳಬಲ್ಲವರು ಇಲ್ಲಿ ಇದ್ದಿದ್ದರೆ.

ಹಾಗಾದರೆ ನಾಲ್ಕು ಸೆಟ್ಟು ಕೊಂಡು ಕಚೇರಿಯ ಬೀರುವಿನಲ್ಲಿ ಇಟ್ಟರೆ ಸಾಲದೇ, ಹುಡುಗರು ಗುಡ್ಡ ಏಕೆ ಹತ್ತಬೇಕು ಎಂದು ನೀವು ಕೇಳಬಹುದು. ಸಾಲದು. ವರ್ಷವಿಡೀ ಮೂಲೆಯಲ್ಲಿಟ್ಟ ಸಿಂಪರಣೆ ಪಂಪು ಕೊಳೆರೋಗ ಬಂದ ದಿನ ಸ್ಟಾರ್ಟ್ ಆಗುವುದಿಲ್ಲ ಎಂಬುದು ನಮಗೆ ಗೊತ್ತಿದೆ. ಬ್ಯಾಟರಿಯನ್ನು ಎಷ್ಟು ಜೋಪಾನ ಮಾಡಬೇಕು, ಯಾವ ತುದಿಯಿಂದ ಯಾವ ಕಣಿವೆಗೆ ಕೇಳುತ್ತದೆ, ಗದ್ದಲದಲ್ಲಿ ಸಂದೇಶವನ್ನು ಹೇಗೆ ಚಿಕ್ಕದಾಗಿ, ತಪ್ಪಿಲ್ಲದೆ ಹೇಳಬೇಕು, ಇವು ಪುಸ್ತಕದಿಂದ ಬರುವುದಿಲ್ಲ. ಭಾನುವಾರಗಳಂದು ಪ್ರೀತಿಗಾಗಿ ಗುಡ್ಡ ಹತ್ತಿದವನಿಗೆ ಮಾತ್ರ ಬರುತ್ತವೆ. ಆಪತ್ತಿಗಾಗಿ ಮಾತ್ರ ಕಲಿಯುತ್ತೇನೆ ಎಂದವನು ಎರಡನೆಯ ವರ್ಷ ಬಿಟ್ಟುಬಿಡುತ್ತಾನೆ, ಏಕೆಂದರೆ ಆಪತ್ತು ಪ್ರತಿ ವರ್ಷ ಬರುವುದಿಲ್ಲ.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ಮತ್ತು ಅವರ ತಂಡ ಅಂಡಮಾನಿಗೆ ಹೋಗಿದ್ದದ್ದು ಯಾವ ಪರಿಹಾರ ಕಾರ್ಯಕ್ಕೂ ಅಲ್ಲ. ಅಪರೂಪದ ದ್ವೀಪದಿಂದ ಪ್ರಪಂಚದ ಹವ್ಯಾಸಿಗಳಿಗೆ ಸಂಪರ್ಕ ಕೊಡುವ ಸಂತೋಷಕ್ಕೆ. ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಬಂದು ಉಳಿದ ಸಂಪರ್ಕಗಳು ಕಡಿದಾಗ, ಆಟಕ್ಕೆಂದು ಕಟ್ಟಿದ್ದ ಅದೇ ಏರಿಯಲ್ ಮೂಲಕ ದ್ವೀಪದವರ ಕ್ಷೇಮ ಸಮಾಚಾರ ಮುಖ್ಯ ಭೂಮಿಗೆ ತಲುಪಿತು. ನನ್ನ ವಾದವೆಲ್ಲ ಈ ಒಂದು ಉದಾಹರಣೆಯಲ್ಲಿದೆ.

ತೊಂದರೆಗಳನ್ನೂ ಮುಚ್ಚಿಡಬಾರದು. ಲೈಸೆನ್ಸ್ ಇಲ್ಲದೆ ಮಾತನಾಡುವುದು ಅಪರಾಧ. ಅರಣ್ಯದ ಬೆಟ್ಟಗಳಿಗೆ ಇಲಾಖೆಯ ಅನುಮತಿ ಬೇಕು, ಕಾಡ್ಗಿಚ್ಚಿನ ಕಾಲದಲ್ಲಿ ಚಾರಣ ನಿಲ್ಲಿಸುವುದೂ ಉಂಟು. ಆನೆ ಓಡಾಡುವ ಕಡೆ ಒಬ್ಬರೇ ಹೋಗುವುದು ಮೂರ್ಖತನ. ಹೂಮಳೆಯ ದಿನಗಳಲ್ಲಿ ಗುಡುಗು ಕೇಳಿದ ಮೇಲೂ ತುದಿಯಲ್ಲಿ ತಂತಿ ಹಿಡಿದು ನಿಲ್ಲುವವನಿಗೆ ಸಿಡಿಲು ಉತ್ತರ ಕೊಡುತ್ತದೆ. ದೋಟಿಯನ್ನು ಕರೆಂಟು ಲೈನಿನ ಹತ್ತಿರ ಎತ್ತಬಾರದೆಂಬ ಪಾಠವನ್ನು ನಾವು ಅಡಿಕೆ ತೋಟದಲ್ಲೇ ಜೀವ ಕೊಟ್ಟು ಕಲಿತಿದ್ದೇವೆ. ಜೋರು ಮಳೆಯಲ್ಲಿ ಗುಡ್ಡ ಹತ್ತಲಾಗದ ದಿನವೂ ಬರಬಹುದು. ಆಗ ರೇಡಿಯೊ ಕೂಡ ಸುಮ್ಮನೆ ಕೂರಬೇಕಾದೀತು. ಇದು ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ.

ಸಂಘದಿಂದ ನಾನು ಕೇಳುತ್ತಿರುವುದು ಹಣವಲ್ಲ. ಒಂದು ಕೊಠಡಿ, ಎರಡು ಬೆಂಚು, ಒಂದು ದೀಪ. ಕಲಿಸಲು ನನ್ನ ಅಕ್ಕನ ಮಗ ತಿಂಗಳಿಗೊಮ್ಮೆ ಬರಲು ಒಪ್ಪಿದ್ದಾನೆ. ಮೂವರು ಹುಡುಗಿಯರು, ಐವರು ಹುಡುಗರು ಈಗಾಗಲೇ ಹೆಸರು ಕೊಟ್ಟಿದ್ದಾರೆ. ಒಂಬತ್ತನೆಯ ಹೆಸರು ನನ್ನದು. ಐವತ್ತು ದಾಟಿದವನು ಪರೀಕ್ಷೆಗೆ ಕೂರುತ್ತಾನೆಂದು ಮನೆಯಲ್ಲಿ ಈಗಾಗಲೇ ನಗು ಆರಂಭವಾಗಿದೆ.

ಕ್ವಿಂಟಾಲಿಗೆ ಎಷ್ಟು ಹೆಚ್ಚು ಎಂದು ಕೇಳಿದ ಹಿರಿಯರಿಗೆ ನನ್ನ ಉತ್ತರ: ಒಂದು ಪೈಸೆಯೂ ಇಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ನಿಮ್ಮ ಊರಿನ ರಸ್ತೆ ಕುಸಿದರೆ, ಗುಡ್ಡದ ತುದಿಯಲ್ಲಿ ನಿಂತು ನಿಮ್ಮ ಸುದ್ದಿ ಹೇಳಲು ಬಲ್ಲ ಒಬ್ಬರಾದರೂ ಈ ತಾಲೂಕಿನಲ್ಲಿ ಇರಲಿ ಎಂಬುದು ನನ್ನ ಆಸೆ. ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮತ್ತೆ ಸೇರಿಸಿದ್ದೇನೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಪರವಾಗಿಯಾಗಲಿ ವಿರೋಧವಾಗಿಯಾಗಲಿ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.

— ಕಾರ್ಯದರ್ಶಿ